ಕೂದಲು ಕಟ್ಟಿದ ಕಾಗದ

"ಅದನ್ನ ಹೊಸ್ತಿಲಾ ದಾಟಸಬ್ಯಾಡ, ಉದಯಾ. ಹರದು ಹೊರಗ ಒಗಿ."

ಶಾರದವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಉದಯಕುಮಾರ ಹಿಮ ಮೆತ್ತಿದ ಬೂಟು ಕೂಡ ಕಳಚದೆ ಪಾರ್ಸೆಲ್ ಬಿಚ್ಚಿದ್ದ. ಅಮೆರಿಕ ದೇಶವಾದ ಹೊಸದರಲ್ಲಿ ಸೆನೆಟರ್ ಆಗಿದ್ದವನೊಬ್ಬ ಕೈಯಾರೆ ಬರೆದ ಕಾಗದ ಅದರೊಳಗಿತ್ತು. ಅದಕ್ಕೆ ಸುತ್ತಿ ಏಳು ಗಂಟು ಹಾಕಿದ್ದ ಕಪ್ಪು ಗುಂಗುರು ಕೂದಲಿನಿಂದ ಸುಟ್ಟೆಣ್ಣೆಯ ಕಮಟು ಬರುತ್ತಿತ್ತು. ಧಾರವಾಡದಲ್ಲಿ ಸಾವಿನ ಕಾಗದವನ್ನು ಹೊರಗೇ ಓದಿ, ಹರಿದು, ಕೈಕಾಲು ತೊಳೆದು ಒಳಗೆ ಬರುತ್ತಿದ್ದ ಹೆಂಗಸು ಆಕೆ. ಮಗ ನಕ್ಕ, ತಾಯಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ನಡೆದ.

ವಾರವಿಡೀ ಬ್ರ್ಯಾಂಪ್ಟನ್ನಿನ ವೇರ್‌ಹೌಸಿನಲ್ಲಿ ಸೂಪರ್‌ವೈಸರ್, ಭಾನುವಾರ ಮಾತ್ರ ಮಿಲ್ಟನ್ನಿನ ಮನೆಯ ಬೇಸ್‌ಮೆಂಟಿನಲ್ಲಿ ಅವನೇ ರಾಜ. ಹಳೆಯ ಅಮೆರಿಕನ್ ಮುಖಂಡರ ಹದಿನಾರು ಕಾಗದ ಕೂಡಿಹಾಕಿದ್ದ. ಕೊಂಡರಷ್ಟೇ ಅವನಿಗೆ ಸಾಲದು. ಮಸಿಯಲ್ಲಿ ಅದ್ದುವ ಹಳೇ ಪೆನ್ನು ಹಿಡಿದು ಒಂದೊಂದನ್ನೂ ಗೀಟಿಗೆ ಗೀಟು ನಕಲು ಮಾಡಬೇಕು. ದೊಡ್ಡವರ ಕೈ ತನ್ನ ಕೈಯೊಳಗೆ ಇಳಿಯುತ್ತದಂತೆ, ಪುಣ್ಯಾತ್ಮನಿಗೆ!

ಅದರಲ್ಲೇನಿದೆ ಅಂತ ಹೆಂಡತಿ ತೃಪ್ತಿ ಕೇಳಿದಳು. ಗಂಟು ಬಿಚ್ಚದೆ ಕೂದಲೆಳೆ ಸರಿಸಿ ಓದಿ, ಸೆನೆಟರ್ ತನ್ನ ಎಸ್ಟೇಟಿನ ಮೇಸ್ತ್ರಿಗೆ ಬರೆದದ್ದು ಅಂದ. ಗುಲಾಮಳೊಬ್ಬಳ ಮಗಳು ಮಾರಾಟವಾಗಿದ್ದಾಳೆ, ಕಾಗದ ತಂದವನ ಜೊತೆ ಕಳಿಸಿಬಿಡು, ತಾಯಿಗೆ ಹೇಳಬೇಡ. ಹುಡುಗಿಯ ಹೆಸರನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು.

"ಹೆತ್ತಾಕಿ ಕೂದಲಾ ಅದು," ಅಂದಳು ಶಾರದವ್ವ. "ಆಕಿ ಹೊಟ್ಟಿ ಉರದು ಗಂಟ್ ಹಾಕ್ಯಾಳ. ಬಿಚ್ಚಬ್ಯಾಡೋ."

"ಆಗಿನ ಕಾಲದಾಗ ಎಲ್ಲಾರೂ ಹಂಗಽ ಇದ್ರು ಬೇ," ಅಂದ ಉದಯ. "ಕೈಬರಹ ಎಷ್ಟ್ ಚಂದ ಐತಿ, ಅದನ್ನ ನೋಡು."

ಒಂಬತ್ತು ವರ್ಷದ ಮಗಳು ಸಂಜನಾ ಅಲ್ಲೇ ಕೂತು ಚಪಾತಿ ತಿನ್ನುತ್ತಿದ್ದಳು. ಅವಳ ಎದುರಿಗೇ ಈ ಮಾತು ಆಡಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಮ್ಮನೆ ಅಲ್ಲ.

ಭಾನುವಾರ ಮಧ್ಯಾಹ್ನ ತೃಪ್ತಿ ಶಿಫ್ಟಿಗೆ ಹೋಗಿದ್ದಳು. ಶಾರದವ್ವ ಭಜನೆಗೆ ಹೋಗಿದ್ದಳು. ಉದಯ ಕೂದಲನ್ನು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ ನಕಲು ಮಾಡಲು ಕೂತ. ಬೇಸ್‌ಮೆಂಟಿನ ಲೈಟು ಮಂಕಾಯಿತು. ಸುಟ್ಟೆಣ್ಣೆಯ ವಾಸನೆಯ ಜೊತೆಗೆ ಕುದುರೆ ಬೆವರಿನ ವಾಸನೆ ಸೇರಿಕೊಂಡಿತು. ಹೆಸರು ಕೆರೆದ ಜಾಗ ಬಂತು. ಅಲ್ಲಿ ಖಾಲಿ ಬಿಟ್ಟು ಮುಂದೆ ಹೋಗಬೇಕು.

ಪೆನ್ನು ಮುಂದೆ ಹೋಗಲಿಲ್ಲ. ಕೈ ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಎಡಗೈಯಿಂದ ಬಲಗೈ ಹಿಡಿದ. ಬಲಗೈ ಬರೆಯುತ್ತಲೇ ಇತ್ತು. ಸಂಜನಾ. ವಯಸ್ಸು ಒಂಬತ್ತು. ಸೆನೆಟರನದೇ ಚಂದದ ಬರಹ. ಕೆಳಗೆ ಸಹಿ. ಉದಯಕುಮಾರ.

ಮೇಲೆ ಬೆಲ್ಲಾಯಿತು.

ಬಾಗಿಲು ತೆರೆದ ಸದ್ದು. ಭಾರವಾದ ಬೂಟಿನ ಸದ್ದು. ಮೆಟ್ಟಿಲ ತುದಿಯಿಂದ ಮಗಳ ದನಿ: "ಡ್ಯಾಡಿ, ಯಾರೋ ಬಂದಾರ. ನಿನ್ನ ಲೆಟರ್ ತಂದಾರಂತ. ನಾ ಅವರ ಜೋಡಿ ಹೋಗ್ಲಿ?"

ಹೋಗಬೇಡ ಅನ್ನಲು ಬಾಯಿ ತೆರೆದ.

"ಹೋಗು," ಅಂದಿತು ಬಾಯಿ.

ಎದ್ದುಬಿದ್ದು ಮೇಲೆ ಓಡಿದ. ಬಾಗಿಲು ಹಾರುಹೊಡೆದಿತ್ತು. ಅವಳ ಪುಟ್ಟ ಬೂಟು ಅಲ್ಲೇ ಇದ್ದವು. ಹಿಮದಲ್ಲಿ ಬರಿಗಾಲಿನ ಗುರುತು, ಪಕ್ಕದಲ್ಲಿ ಗೊರಸಿನ ಗುರುತು. ಡ್ರೈವ್‌ವೇ ದಾಟುವಷ್ಟರಲ್ಲಿ ಎರಡೂ ಇಲ್ಲ.

ಪೊಲೀಸರು ಬಂದರು, ಹುಡುಕಿದರು, ಹೋದರು. "ನನ್ನ ಕೂಸು ಎಲ್ಲೈತಿ, ಹೇಳ್ರಿ," ಅಂತ ತೃಪ್ತಿ ದಿನಾ ಅವನ ಕಾಲು ಹಿಡಿದಳು. ಅವನಿಗೆ ಗೊತ್ತು. ಹೇಳಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ತಾಯಿಗೆ ಹೇಳಬೇಡ ಅಂತ ಅವನೇ ಬರೆದಿದ್ದನಲ್ಲ.

ಮೊನ್ನೆ ಬೇಸ್‌ಮೆಂಟಿನಲ್ಲಿ ತೃಪ್ತಿಗೆ ಆ ನಕಲು ಸಿಕ್ಕಿತು. ಮಗಳ ಹೆಸರು ಓದಿದಳು. ಗಂಡನ ಸಹಿ ಓದಿದಳು. ಅಳಲಿಲ್ಲ. ತಲೆಯಿಂದ ಒಂದು ಹಿಡಿ ಕೂದಲು ಕಿತ್ತು ಕಾಗದಕ್ಕೆ ಸುತ್ತಿ, ಅವನ ಮುಖವನ್ನೇ ನೋಡುತ್ತ ಮೊದಲನೆಯ ಗಂಟು ಹಾಕಿದಳು.

ಶಾರದವ್ವ ಮೆಟ್ಟಿಲ ಮೇಲೇ ನಿಂತಿದ್ದಳು. ಸೊಸೆಯನ್ನು ತಡೆಯಲಿಲ್ಲ.