ರೂಮಿನ ಬಿಸಿ ಎಷ್ಟು?

ಏಳು ವರ್ಷದ ಹಿಂದೆ ಟೇಕಲ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಶಾಕಿರ್ ಮಾತು ಕೊಟ್ಟಿದ್ದ: "ಮದುವೆ ವಿಷಯ ಇನ್ಯಾವತ್ತೂ ನಾನು ಎತ್ತಲ್ಲ, ಫರ್ಹತ್." ಹಾಸಿಗೆ ಹಿಡಿದ ಅಬ್ಬಾನನ್ನು ಬಿಟ್ಟು ಬರಲಾರೆ ಎಂದು ಅವಳೇ ಬೇಡ ಅಂದಿದ್ದಳು.

ಅಬ್ಬಾ ಹೋಗಿ ವರ್ಷವಾಯಿತು. ಮುಳಬಾಗಿಲಿನಲ್ಲಿ ಅವಳು ನಡೆಸುವ ಆನ್‌ಲೈನ್ ಸೆಂಟರಿನ ಕಂಪ್ಯೂಟರ್ ಈಗೀಗ ಕಾದು ಕಾದು ತಾನಾಗೇ ಆಫ್ ಆಗುತ್ತಿತ್ತು. ರಿಪೇರಿಗೆ ಬಂದವನು ಶಾಕಿರ್. ಭಾನುವಾರ ಅವನು ಕೋಲಾರಕ್ಕೆ ಹೆಣ್ಣು ನೋಡಲು ಹೋಗುತ್ತಾನಂತೆ. ಆ ಸುದ್ದಿ ಕಿವಿಗೆ ಬಿದ್ದಾಗಿನಿಂದ ಫರ್ಹತ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಕುಡಿದ ಚಹಾ ರುಚಿಸುತ್ತಿರಲಿಲ್ಲ.

ರೂಮಿನ ಬಿಸಿ ಎಷ್ಟಿದೆ ಎಂದು ಅವನು ಫೋನಿನಲ್ಲಿ ಕೇಳಿದಾಗ ನಲವತ್ತೊಂದು ಎಂದಿದ್ದಳು. ಬಂದು ನೋಡಿದರೆ ಅವಳ ಥರ್ಮಾಮೀಟರ್ ನೇತಾಡುತ್ತಿದ್ದದ್ದು ಸಿಪಿಯು ಹಿಂದೆ, ಫ್ಯಾನು ಬಿಸಿಗಾಳಿ ಹೊರಗೆ ದಬ್ಬುವ ಕಡೆ.

"ಇದು ರೂಮಿನ ಬಿಸಿ ಅಲ್ಲ ಮೇಡಂ, ಕಂಪ್ಯೂಟರ್ ಬಿಟ್ಟ ಉಸಿರು."

"ಮೇಡಂ ಅಂತೆ," ಎಂದು ಅವಳು ಗೊಣಗಿದಳು.

ಅವನು ಥರ್ಮಾಮೀಟರನ್ನು ತಂದು ಸಿಪಿಯು ಮುಂದೆ, ಗಾಳಿ ಒಳಗೆ ಹೋಗುವ ಕಡೆ ಇಟ್ಟ. ಒಳಗೆ ಹೋಗುವ ಗಾಳಿಯೇ ಎಷ್ಟು ಬಿಸಿ ಅಂತ ತಿಳಿಯದೆ ತಪ್ಪು ರೂಮಿನದೋ ಫ್ಯಾನಿನದೋ ಹೇಳಲಾಗದು, ಅಂಕಿ ಒಂದು ಕಡೆ ನಿಲ್ಲುವವರೆಗೂ ಕಾಯಬೇಕು ಅಂದ. ಕಾಯುವುದೆಂದರೆ ಅವಳಿಗೆ ಸಂಕಟ. ಬಾಗಿಲಿಗೆ ಹೋದಳು, ಬಂದಳು, ಜೋಡಿಸಿದ ಹಾಳೆಗಳನ್ನೇ ಮತ್ತೆ ಜೋಡಿಸಿದಳು. ಕೊನೆಗೆ ಅವನ ಪಕ್ಕದಲ್ಲೇ ಬಗ್ಗಿ ನೋಡಿದಳು. ಅಂಕಿ ಮೇಲೇರಿತು.

"ಸ್ವಲ್ಪ ದೂರ ನಿಂತ್ಕೊಳೇ. ನೀನು ಹತ್ರ ಬಂದ್ರೆ ಏರುತ್ತೆ," ಅಂದ, ಕಣ್ಣೆತ್ತದೆ. ಕಿವಿ ಮಾತ್ರ ಕೆಂಪಗಾಗಿತ್ತು.

ಮೇಡಂ ಹೋಗಿ ನೀನು ಬಂದದ್ದು ಅವಳಿಗೆ ಕೇಳಿಸಿತು. ದೂರವೇನೋ ಸರಿದಳು, ಎದೆ ಸರಿಯಲಿಲ್ಲ.

ಅಂಕಿ ಮೂವತ್ತೊಂದಕ್ಕೆ ನಿಂತಿತು. ರೂಮಿನ ತಪ್ಪೇನೂ ಇಲ್ಲ, ಒಳಗಿನ ಫ್ಯಾನೇ ಧೂಳು ಕಟ್ಟಿ ಸುಸ್ತಾಗಿದೆ ಎಂದು ಹೊಸದು ಹಾಕಿದ. ಧೂಳಿನ ಬಗ್ಗೆ, ಕರೆಂಟಿನ ಬಗ್ಗೆ, ಮಾಲೂರಿನ ರೋಡಿನ ಬಗ್ಗೆ ಮಾತಾಡಿದ. ಅದೊಂದನ್ನು ಬಿಟ್ಟು. ಬ್ಯಾಗ್ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು, ಬ್ಯಾಗಿನ ಪಟ್ಟಿಯನ್ನು ಎರಡು ಸಲ ಸರಿಮಾಡಿಕೊಂಡು, ಬರ್ತೀನಿ ಅಂದ.

ಇವನು ಸತ್ತರೂ ಕೇಳುವವನಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು.

"ಶಾಕಿರ್, ಭಾನುವಾರ ಕೋಲಾರಕ್ಕೆ ಹೋಗ್ಬೇಡ. ನನ್ನ ಮದುವೆ ಆಗ್ತೀಯಾ?"

ಅವನು ಬ್ಯಾಗ್ ಕೆಳಗಿಟ್ಟ. "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನೇ?"

"ನೀನೇ ಕೇಳ್ತೀಯ ಅಂತ ಕಾದೆ ಕಣೋ."

"ಆಗ್ತೀನಿ," ಅಂದ ಶಾಕಿರ್.

ಮದುವೆ ವಿಷಯ ಅವನು ಎತ್ತಲಿಲ್ಲ. ಕೊಟ್ಟ ಮಾತು ಉಳಿಯಿತು.