ಕಪ್ಪಿನ ಕೆಳಗಿನ ಕಲೆ

"ಈ ಕಾರಿನ ಮೇಲಿನ ನೀಲಿ ತೆಗಿ, ಅದರ ಕೆಳಗಿನ ಹಸಿರೂ ತೆಗಿ, ಬೇಡ ಅನ್ನಲ್ಲ. ಕರಿ ಬಣ್ಣ ಕಾಣಿಸಿದ ತಕ್ಷಣ ಕೈ ಎತ್ತಿಬಿಡು. ಅದರ ಮೇಲೇ ನಿನ್ನ ಬಣ್ಣ ಬಳಿ," ಎಂದಳು ಷೆಡ್ಡಿನ ಒಡತಿ.

ಷೆಡ್ಡನ್ನು ಹೊಸದಾಗಿ ಬಾಡಿಗೆಗೆ ಹಿಡಿದಿದ್ದ ಪೇಂಟರ್ ನಕ್ಕ. ಅವನನ್ನು ಎಲ್ಲರೂ ನುಣುಪ ಎಂದೇ ಕರೆಯುತ್ತಿದ್ದರು. ಅವನು ಬಣ್ಣ ಹೊಡೆದ ಕಾರಿನ ಮೇಲೆ ನೊಣ ಕೂತರೂ ಜಾರಿ ಬೀಳುತ್ತದೆ ಎಂಬುದು ಗ್ಯಾರೇಜುಗಳ ಕಡೆಯ ತಮಾಷೆ.

"ಯಾಕಜ್ಜಿ, ಒಳಗೆ ದೆವ್ವ ಕೂತಿದೆಯಾ? ಸೀಟ್ ಬೆಲ್ಟ್ ಹಾಕ್ಕೊಂಡಿರಲಿ ಅನ್ನಿ. ನಾನು ಸ್ವಲ್ಪ ಜೋರಾಗೇ ಉಜ್ಜೋನು."

"ನಗಬೇಡ ಮಗ. ಮಕ್ಕಳಿದಾವಾ ನಿಂಗೆ?"

"ಒಬ್ಬಳಿದಾಳೆ. ಅವಳನ್ನು ಕಂಡರೆ ದೆವ್ವಾನೇ ಊರು ಬಿಡುತ್ತೆ."

ಮುದುಕಿ ಬಾಗಿಲ ಚೌಕಟ್ಟು ಹಿಡಿದು ಅವನ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಹೊರಟುಹೋದಳು.

ನುಣುಪನಿಗೆ ಕಸುಬಿನಲ್ಲಿ ಒಂದು ಹಟವಿತ್ತು. ಬೇರೆಯವರು ಹಳೆಯ ಬಣ್ಣವನ್ನು ತುಸು ಒರಟು ಮಾಡಿ, ಅದರ ಮೇಲೆಯೇ ಹೊಸದನ್ನು ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಇವನಿಗೆ ಬರಿ ತಗಡು ಕಾಣಬೇಕು. ಕೆಳಗೆ ಕೊಳೆಯನ್ನಿಟ್ಟುಕೊಂಡು ಮೇಲೆ ಹೊಳಪು ಬಳಿಯುವುದು ಅವನ ಲೆಕ್ಕದಲ್ಲಿ ಸುಳ್ಳು ಹೇಳಿದ ಹಾಗೆ. ಅದೂ ಇಂಥ ಕಾರಿಗೆ! ಆನೆಯ ಕುಂಭಸ್ಥಳದಂಥ ಬಾನೆಟ್ಟು, ಮಡಿಸಿದ ತೋಳಿನಂತೆ ಮುಂದಕ್ಕೆ ಬಾಗಿದ ಮಡ್ಗಾರ್ಡುಗಳು. "ನಮ್ಮ ತಾತ ಮೆರೆದ ಕಾರು. ನನ್ನ ಮಗಳನ್ನು ಇದರಲ್ಲೇ ಸ್ಕೂಲಿಗೆ ಬಿಡಬೇಕು," ಎಂದಿದ್ದ ಅದನ್ನು ತಂದು ನಿಲ್ಲಿಸಿದ ಯಜಮಾನ.

ಬಣ್ಣ ಕಳಚುವ ದ್ರಾವಣವನ್ನು ಬಳಿದದ್ದೇ ತಡ, ನೀಲಿ ಬೊಬ್ಬೆಯೆದ್ದಿತು. ಅಲಗಿನಿಂದ ಕೆರೆದರೆ ಸುಲಿದ ತೊಗಲಿನಂತೆ ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. ಹಸಿರೂ ಹೋಯಿತು. ಆಮೇಲೆ ಕಪ್ಪು. ಉಳಿದೆಲ್ಲ ಕಡೆ ಬೆಣ್ಣೆಯಂತೆ ಬಂದ ಕಪ್ಪು, ಎಡಗಡೆಯ ಮಡ್ಗಾರ್ಡಿನ ಮೇಲೆ ಮಾತ್ರ ಹಲ್ಲು ಕಚ್ಚಿ ಹಿಡಿದಿತ್ತು. ಅವನೂ ಹಲ್ಲು ಕಚ್ಚಿ ಕೆರೆದ. ಕಪ್ಪು ಒಡೆಯಿತು. ಷೆಡ್ಡಿನ ತುಂಬ ಒಂದು ವಾಸನೆ ಎದ್ದಿತು. ಥಿನ್ನರಿನದಲ್ಲ, ತುಕ್ಕಿನದೂ ಅಲ್ಲ. ಆಗಷ್ಟೇ ಎಣ್ಣೆ ಹಚ್ಚಿ ಬಾಚಿದ ಮಗುವಿನ ತಲೆಯ ವಾಸನೆ.

ತಗಡಿನ ಮೇಲೆ ಅಂಗೈಯಗಲದ ಕಲೆಯೊಂದಿತ್ತು. ಕಂದುಗೆಂಪು. ಒರೆಸಿದರೆ ಹೋಗಲಿಲ್ಲ. ಉಪ್ಪುಕಾಗದ ನೆನೆಸಿ ಉಜ್ಜಿದ. ಕಲೆಯ ಅಂಚು ಒಂದಿಷ್ಟು ಕರಗಿ ಬೆರಳಿಗೆ ಬೆಚ್ಚಗೆ ತಾಗಿತು.

ಆಗಲೇ ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ಬೇಗ ಬನ್ನಿ! ಪುಟ್ಟಿ ಮೈ ನೋಡಿ ಬನ್ನಿ..."

ಮನೆಯಲ್ಲಿ ಮಂಚದ ಮೇಲೆ ಮಗಳು ಉಸಿರಿಗೆ ತಿಣುಕುತ್ತಿದ್ದಳು. ಎಡತೋಳಿನ ಮೇಲೆ ಬೊಬ್ಬೆ. ತಾಯಿ ಒದ್ದೆ ಬಟ್ಟೆ ಮುಟ್ಟಿಸಿದಳು. ಚರ್ಮ ಬಟ್ಟೆಗೇ ಅಂಟಿ ಬಂತು. ಸುರುಳಿ ಸುರುಳಿಯಾಗಿ. ಆ ಸುರುಳಿಯನ್ನು ನುಣುಪ ಆಗಷ್ಟೇ ಷೆಡ್ಡಿನ ನೆಲದ ಮೇಲೆ ಕಂಡಿದ್ದ.

ಡಾಕ್ಟರು ಬಂದರು. ಮುಲಾಮು ಹಚ್ಚಿದರು. ಮುಲಾಮು ನಿಲ್ಲಲಿಲ್ಲ. "ಇಂಥದ್ದನ್ನ ನಾನು ನೋಡಿಲ್ಲಮ್ಮ," ಎಂದು ಅವರು ಕನ್ನಡಕ ತೆಗೆದಾಗ ತಾಯಿ ಗೋಡೆಗೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಬೊಬ್ಬೆ ಭುಜಕ್ಕೇರಿತ್ತು.

ನುಣುಪ ಷೆಡ್ಡಿಗೆ ಓಡಿದ. ಕಪ್ಪು ಬಣ್ಣದ ಡಬ್ಬಿ ಒಡೆದು ಕಲೆಯ ಮೇಲೆ ಸುರಿದ. ಬಣ್ಣ ಕಾಲಿಗಿಳಿಯಿತು. ಬ್ರಷ್ಷಿನಿಂದ ಮೆತ್ತಿದ. ಜಾರಿತು. ಕೈಯಿಂದ ಮೆತ್ತಿದ. ಜಾರಿತು. ಕಲೆ ಮಾತ್ರ ಒದ್ದೆ ಕಣ್ಣಿನಂತೆ ಮಿನುಗುತ್ತ ಉಳಿಯಿತು. ದೇವರೇ, ದೇವರೇ, ದೇವರೇ. ಬಾಯಿಗೆ ಬೇರೆ ಮಾತೇ ಬರಲಿಲ್ಲ.

"ಒಡೆದೆಯಾ?" ಬಾಗಿಲಲ್ಲಿ ಮುದುಕಿ.

ಅವನು ಅವಳ ಕಾಲಿಗೆ ಬಿದ್ದ. "ಅಜ್ಜೀ, ನನ್ನ ಮಗು! ಇದನ್ನು ಯಾರು ಮಾಡಿದ್ದು?"

"ನನ್ನ ಗಂಡ," ಎಂದಳು ಅವಳು. ಅಳುವುದನ್ನು ಎಂದೋ ಮುಗಿಸಿದವಳ ದನಿ. "ನಮ್ಮ ಮಗಳನ್ನು ಒಂದು ಕಾರು ಹೊಡೆದು ಹೋಯ್ತು. ಯಾರದ್ದು ಅಂತ ತಿಳೀಲಿಲ್ಲ. ಮಾರನೇ ವಾರ ಈ ಕಾರು ಇದೇ ಷೆಡ್ಡಿಗೆ ನನ್ನ ಗಂಡನ ಹತ್ರ ಬಂತು, ತಗ್ಗು ಎತ್ತಿ ಬಣ್ಣ ಹೊಡೀಲಿಕ್ಕೆ. ಮಡ್ಗಾರ್ಡಿನ ಸಂದಿಯಲ್ಲಿ ನಮ್ಮ ಮಗುವಿನ ಕೂದಲಿತ್ತು, ರಿಬ್ಬನ್ನಿನ ಸಮೇತ. ಅವರು ಕೂಗಾಡಲಿಲ್ಲ. ಆ ಕೂದಲು ಸುಟ್ಟು ಬೂದೀನ ಕರಿ ಬಣ್ಣಕ್ಕೆ ಬೆರೆಸಿದರು. ಬಳೀತಾ ಬಳೀತಾ ಅದೇನೇನೋ ಹೇಳಿದರು. ಕೊನೇದು ಮಾತ್ರ ನಂಗೆ ಕೇಳಿಸ್ತು. ಈ ಕಲೆ ಅಳಿಸಲಿಕ್ಕೆ ಬಂದವನ ಕೂಸಿನ ಮೈ ಹೀಗೇ ಸುಲೀಲಿ ಅಂದರು."

"ನಾನೇನು ಮಾಡಿದ್ದೆ ಅಜ್ಜಿ?"

"ಅದೇ ಅವರಿಗೆ ಹೊಳೀಲಿಲ್ಲ ನೋಡು. ಕಾರಿನ ಧಣಿ ಯಾವತ್ತೂ ತಾನೇ ಉಪ್ಪುಕಾಗದ ಹಿಡಿಯೋದಿಲ್ಲ. ಹಿಡಿಯೋನು ನಮ್ಮಂಥ ಇನ್ನೊಬ್ಬ ಪೇಂಟರೇ."

"ತೆಗೀಲಿಕ್ಕೆ ದಾರಿ? ದಾರಿ ಹೇಳಿ!"

ಅವಳು ಮಡ್ಗಾರ್ಡಿನ ಕಡೆ ಬೆರಳು ತೋರಿದಳು. "ಅವರು ಹೋದಮೇಲೆ ಒಬ್ಬ ಬಂದು ಇದನ್ನ ಉಜ್ಜಿದ. ಅವನ ಮಗ ಹೀಗೇ ಮೈ ಸುಲಿದು ಮಲಗಿದ. ಅವನು ಬಿಟ್ಟು ಓಡಿದ. ಇನ್ನೊಬ್ಬ ಬಂದು ಉಜ್ಜಿದ. ಮೊದಲಿನವನ ಮಗ ಎದ್ದು ಕೂತು ಊಟ ಕೇಳ್ದ. ಎರಡನೆಯವನ ಕೂಸು ಏಳಲಿಲ್ಲ. ಅದು ಹೋದಮೇಲೇ ಕಲೆ ಮೇಲೆ ಮತ್ತೆ ಕರಿ ಬಣ್ಣ ನಿಂತದ್ದು." ಅವಳು ಮುಖ ತಿರುಗಿಸಿದಳು. "ಇಷ್ಟೇ ನಂಗೆ ಗೊತ್ತಿರೋದು. ಏನು ಮಾಡು ಅಂತ ನಾ ಹೇಳಲ್ಲ. ಹೇಳೋ ಬಾಯಿ ನಂದಲ್ಲ."

ಅವಳು ಹೋದಳು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕತ್ತಲು. ಫೋನು ಮತ್ತೆ ಹೊಡೆದುಕೊಂಡಿತು. "ಕತ್ತಿಗೆ ಬಂತು ರೀ," ಎಂದಳು ಹೆಂಡತಿ. ಈ ಸಲ ಅವಳು ಕಿರುಚಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಅವನು ಯಜಮಾನನಿಗೆ ಫೋನು ಮಾಡಿದ. "ಸಾರ್, ಒಂದ್ಸಲ ಬಂದು ನೋಡಿ. ಈಗಲೇ ಬನ್ನಿ."

ಯಜಮಾನ ನಗುನಗುತ್ತಲೇ ಬಂದ. ಹೆಗಲ ಮೇಲೆ ಮಗಳು, ಅವಳ ಕಾಲಿಗೆ ಕೆಂಪು ಬೂಟು. "ಏನ್ರೀ, ನಮ್ಮ ಮುದುಕಮ್ಮನ ಸೀರೆ ಬಿಚ್ಚಿಸಿಬಿಟ್ಟಿದ್ದೀರಲ್ಲ!" ಎಂದು ಬಾನೆಟ್ಟು ತಟ್ಟಿದ. ನುಣುಪ ಮಗುವನ್ನು ನಿರೀಕ್ಷಿಸಿರಲಿಲ್ಲ. ಅದರ ಕೆನ್ನೆಯ ಕಡೆ ನೋಡಬಾರದೆಂದು ನೆಲ ನೋಡಿದ.

"ಇಲ್ಲೊಂದು ಕಲೆ ಸಾರ್. ಎಷ್ಟು ಉಜ್ಜಿದರೂ ಹೋಗ್ತಿಲ್ಲ." "ತಾತನ ಕಾರು... ನೀವೇ ಒಂದು ಕೈ ನೋಡ್ತೀರಾ?"

"ಓಹೋ, ನಮ್ಮಿಂದಲೇ ಕೂಲಿ ಮಾಡಿಸ್ತೀರಾ? ಕೊಡಿ, ಕೊಡಿ!" ಅವನು ತೋಳು ಮಡಿಸಿದ. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿದ.

"ಮಾಮ, ನಿಮ್ಮ ಕೈಯೆಲ್ಲ ಯಾಕೆ ಕಪ್ಪಾಗಿದೆ?" ಎಂದಿತು ಅದು.

ನುಣುಪ ಪಕ್ಕದ ಚೊಂಬಿನಲ್ಲಿ ಉಪ್ಪುಕಾಗದ ಅದ್ದಿದ. ಯಜಮಾನನ ಕೈಗೆ ಕೊಟ್ಟ.

ಕರ್. ಕರ್. ಕರ್. ಒಂದು ಎಳೆ. ಎರಡು ಎಳೆ. ಎಣ್ಣೆಗೂದಲ ವಾಸನೆ ಎದ್ದಿತು. ಕಲೆಯ ಅಂಚು ಕರಗಿತು.

ಫೋನು. "ರೀ! ಪುಟ್ಟಿ ಕಣ್ಣು ಬಿಟ್ಟಳು! ಹೊಸ ಚರ್ಮ ಬರ್ತಾ ಇದೆ, ನನ್ನ ಕಣ್ಣೆದುರಿಗೇ! ಅಪ್ಪ ಎಲ್ಲಿ ಅಂತಾಳೆ. ಕೇಳಿಸ್ತಾ? ಮಾತಾಡಿ!"

ಫೋನಿನೊಳಗಿಂದ ಮಗಳು "ಅಪ್ಪಾ" ಎಂದಳು.

ಅದೇ ಗಳಿಗೆಯಲ್ಲಿ ಸ್ಟೂಲಿನ ಮೇಲಿಂದಲೂ "ಅಪ್ಪಾ" ಎಂಬ ದನಿ ಬಂತು. "ಅಪ್ಪಾ, ಕೈ ಉರೀತಿದೆ."

"ಧೂಳು ಕಂದಾ, ಒಂದ್ನಿಮಿಷ ತಾಳು," ಎಂದ ಯಜಮಾನ, ತಲೆಯೆತ್ತದೆ. "ಹೋಗ್ತಾ ಇದೆ ಕಣ್ರೀ ಕಲೆ! ಸ್ವಲ್ಪ ನೀರು ಹಾಕಿ."

ಆ ಕಾಗದವನ್ನು ಕಿತ್ತುಕೊಳ್ಳಲು ಒಂದು ಕೈ ಸಾಕಿತ್ತು. ಶಾಪ ತನ್ನ ಮನೆಗೇ ಮರಳಲು ತಾನೇ ಒಂದು ಸಲ ಉಜ್ಜಿದರೆ ಸಾಕಿತ್ತು. ನುಣುಪನಿಗೆ ಅದು ಗೊತ್ತಿತ್ತು.

ಅವನು ಚೊಂಬೆತ್ತಿ ನೀರು ಹಾಕಿದ.