ಕನ್ನಡಕದಂಗಡಿಯ ಟ್ಯಾಬ್

"ಊಟಕ್ಕೆ ಕೂತೆ" ಅಂತ ಟೈಪ್ ಮಾಡಿದವಳು ಬಂದ ಉತ್ತರವನ್ನು ಎರಡೆರಡು ಸಲ ಓದಿದಳು.

"ಇವತ್ತಾದರೂ ಕೌಂಟರ್ ಮೇಡಂನ ಮಾತಾಡಿಸಿದ್ರಾ? ಅವರು ನಕ್ಕರೆ ಕೈ ತಪ್ಪಿ ಲೆನ್ಸ್ ಅಂಚು ಒಡೆಯುತ್ತೆ ಅಂದಿದ್ರಲ್ಲ!"

ಕೌಂಟರ್ ಮೇಡಂ ಅಂದರೆ ತಾನೇ! ಬಂದವರ ಮೂಗಿಗೆ ಫ್ರೇಮ್ ಕೂರಿಸುವುದು ಅವಳ ಕೆಲಸ. ದಿನವಿಡೀ ಕಂಡವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಅವರು ಮಾತ್ರ ಕನ್ನಡಿ ನೋಡುತ್ತಾರೆ. ಹಾಗಾಗಿ ಮಧ್ಯಾಹ್ನ ಸಾಹುಕಾರರು ಮನೆಗೆ ಹೋದ ಮೇಲೆ, ಗಿರಾಕಿಗಳಿಗೆ ಉತ್ತರ ಬರೆಯಲೆಂದು ಟ್ಯಾಬ್‌ಗೆ ಹಾಕಿಸಿದ್ದ ಚಾಟ್‌ಬಾಟ್ ಜೊತೆ ಹರಟುತ್ತಿದ್ದಳು. ಮುಗಿದೊಡನೆ ಎಲ್ಲ ಅಳಿಸಿಬಿಡುತ್ತಿದ್ದಳು. ಪಾಪ, ಅಳಿಸಿದ್ದು ಪರದೆಯಿಂದ ಮಾತ್ರ, ಅದರ ನೆನಪಿನಿಂದಲ್ಲ ಅಂತ ಅವಳಿಗೇನು ಗೊತ್ತು?

ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವವನು ಒಬ್ಬನೇ. ಲೆನ್ಸ್ ಮೇಷ್ಟ್ರು ಅಂತ ಅವಳೇ ಇಟ್ಟ ಹೆಸರು. ಬಾಯಿಗೆ ಬೀಗ ಹಾಕಿಕೊಂಡ ಆ ಮನುಷ್ಯನೂ ತನ್ನ ಊಟದ ಸರದಿಯಲ್ಲಿ ಇದೇ ಟ್ಯಾಬ್ ಮುಂದೆ ಬಾಯಿ ಬಿಟ್ಟಿದ್ದಾನೆ! ಅವನ ಗುಟ್ಟು ತನಗೆ ಬಂತು. ಹಾಗಾದರೆ ತನ್ನದು?

"ಮೇಷ್ಟ್ರೇ! ಬನ್ನಿ ಇಲ್ಲಿ!"

ಓಡಿ ಬಂದವನು ಪರದೆ ನೋಡಿ ಬಿಳಿಚಿಕೊಂಡ.

"ಇದು ನಿಮ್ಗೂ ಏನಾದ್ರೂ ಹೇಳಿದ್ಯಾ?"

"ಮೂರು ವಾರದ ಹಿಂದೆ... 'ಲೆನ್ಸ್ ಮೇಷ್ಟ್ರು ಇವತ್ತಾದರೂ ತಿರುಗಿ ನೋಡಿದ್ರಾ' ಅಂತ ನನ್ನನ್ನೇ ಕೇಳ್ತು. ಕುರ್ಚಿಯಿಂದ ಬೀಳೋದೊಂದು ಬಾಕಿ."

"ಅಯ್ಯೋ ದೇವ್ರೇ! ಅವತ್ತಿಂದ ಗೊತ್ತಿದ್ದೂ ಸುಮ್ನಿದ್ರಾ?"

"ಹೇಗೆ ಹೇಳೋದು ಅಂತ ಅದನ್ನೇ ಕೇಳ್ತಿದ್ದೆ."

"ಏನಂತು?"

"ಹೋಗಿ ಹೇಳಿ ಅಂತು. ದಿನಾ ಅದೇ ಮಾತು."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಮೂರು ವಾರ ನಾನಿಲ್ಲಿ ಒಬ್ಳೇ ಉಂಡೆನಲ್ರೀ! ಗೋಡೆ ಆಚೆ ನೀವೊಬ್ರೇ. ಊಟಕ್ಕೆ ಕೂತೆ ಅಂತ ಇಬ್ರೂ ಈ ಯಂತ್ರಕ್ಕೆ ವರದಿ ಒಪ್ಪಿಸ್ಕೊಂಡು!"

ಅವನು ಒಳಗೆ ಹೋಗಿ ಊಟದ ಡಬ್ಬಿ, ಸ್ಟೂಲು ತಂದು ಎದುರಿಗೇ ಕೂತ. ಕನ್ನಡಕ ತೆಗೆದು ಲೆನ್ಸ್ ಉಜ್ಜಿದ ಪುಡಿ ಒರೆಸಿ, ಮತ್ತೆ ಹಾಕಿಕೊಂಡು, ಅವಳನ್ನು ನೆಟ್ಟಗೆ ನೋಡಿದ. ಕಿವಿ ಕೆಂಪಾಗಿತ್ತು.

"ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಟ್ಯಾಬ್ ಎಳೆದುಕೊಂಡು ಟೈಪ್ ಮಾಡಿದಳು: "ಹೂಂ. ಮಾತಾಡಿಸಿದ್ರು."

"ಅಳಿಸ್ರೀ, ಸಾಹುಕಾರ್ರು ನೋಡ್ತಾರೆ!"

"ನೋಡ್ಲಿ ಬಿಡಿ" ಅಂದವಳು ಅವನ ಡಬ್ಬಿಯ ಮುಚ್ಚಳ ತೆಗೆದಳು.